ಲೆಕ್ಕಕ್ಕೆ ಬಾರದ ಹನ್ನೊಂದು ಮಾತು

"ಮೊದ್ಲ ಎಲ್ಲಿತ್ರೀ ಇದು? ಈಗ ನೋಡ್ರಿ, ಬಿಲ್ಡಿಂಗಿಗೆ ಎರಡೆರಡು."

ಈ ಮಾತನ್ನು ನನ್ನೆದುರು ಆಡಿದವರ ಮುಖಗಳನ್ನೆಲ್ಲ ನಾನು ನೆನಪಿಟ್ಟುಕೊಂಡಿದ್ದೇನೆ. ಕಡೆಯದಾಗಿ ಅಂದವಳು ನಮ್ಮ ಚೆಂಬೂರಿನ ಕಾಲೊನಿಯ ವಿಜಯಪುರದ ಹೆಂಗಸು. ಈ ಸಲದ ಸಂಕ್ರಾಂತಿಗೆ ಕನ್ನಡದ ಹೆಂಗಸರನ್ನೆಲ್ಲ ಅರಿಷಿಣ-ಕುಂಕುಮಕ್ಕೆ ಕರೆದಿದ್ದಳು. ನನ್ನ ಅಂಗೈಗೆ ಕುಸುರೆಳ್ಳು ಹಾಕುತ್ತಲೇ ಅದನ್ನು ಅಂದಳು. ಅಷ್ಟಕ್ಕೇ ಬಿಡಲಿಲ್ಲ. "ಎಲ್ಲಾ ಮೊಬೈಲಿನ ಮಹಿಮಾ. ಮತ್ತ ತಾಯಂದ್ರೂ ಆಫೀಸಿಗೆ ಹೋದ್ರ ಕೂಸಿನ ಜೋಡಿ ಮಾತಾಡವ್ರು ಯಾರ್ರಿ?" ಎಂದಳು. ನನ್ನ ಮಗಳು ಆಗ ಅವಳ ಫ್ರಿಜ್ಜಿಗೆ ಕಿವಿಯಿಟ್ಟು, ಒಳಗಿನ ಗುಂಯ್ ಸದ್ದಿಗೆ ತನ್ನಷ್ಟಕ್ಕೆ ನಗುತ್ತ ನಿಂತಿದ್ದಳು. ಅಲ್ಲಿದ್ದ ಹತ್ತು ಹೆಂಗಸರೂ ಅವಳನ್ನು ನೋಡಿ, ಆಮೇಲೆ ನನ್ನನ್ನು ನೋಡಿದರು. ನಾನು ಎಳ್ಳು ಬಾಯಿಗೆ ಹಾಕಿಕೊಂಡು "ಹೌದ್ರೀ" ಎಂದೆ. ಆ "ಹೌದ್ರೀ" ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಮಗಳಿಗೆ ಈಗ ಐದೂವರೆ ವರ್ಷ. ಅವಳಿಗಿರುವುದು ಆಟಿಸಂ ಎಂದು ಬರೆದುಕೊಟ್ಟು ಮೂರು ವರ್ಷವಾಯಿತು. ಮೊದಲು ಎಲ್ಲಿತ್ತು ಎಂದು ಕೇಳುವವರಿಗೆ ಉತ್ತರ ನನ್ನ ಹತ್ತಿರವೇ ಇದೆ. ಧಾರವಾಡದ ನಮ್ಮ ನಡುಮನೆಯಲ್ಲಿ, ಗೋಡೆಗೆ ಬೆನ್ನು ಕೊಟ್ಟು ಕೂತಿತ್ತು. ನನ್ನ ಅಪ್ಪನ ಅಕ್ಕ, ನನ್ನ ಸೋದರತ್ತೆ. ಅವಳಿಗೆ ಶಾಲೆಯಿಲ್ಲ, ಮದುವೆಯಿಲ್ಲ. ಬೆಳಗಿನಿಂದ ಸಂಜೆಯವರೆಗೆ ಮೊರ ಹಿಡಿದು ಜೋಳ, ಬೇಳೆ ಹಸನು ಮಾಡುತ್ತಿದ್ದಳು. ಹಸನಾದದ್ದನ್ನೇ ಮತ್ತೆ ಹಸನು ಮಾಡುತ್ತಿದ್ದಳು. ಕುಕ್ಕರು ಸೀಟಿ ಹೊಡೆದರೆ ಕಿವಿ ಮುಚ್ಚಿಕೊಂಡು ಹೊರಗೆ ಓಡುತ್ತಿದ್ದಳು. ಬಂದವರ ಮುಖ ನೋಡುತ್ತಿರಲಿಲ್ಲ, ಆದರೆ ಅವರು ಹೋದ ಸಲ ಬಂದದ್ದು ಯಾವ ತಿಥಿ, ಯಾವ ವಾರ ಎಂದು ಕೇಳಿದರೆ ತಟ್ಟನೆ ಹೇಳುತ್ತಿದ್ದಳು. ಓಣಿಯವರು ಅವಳಿಗೆ ಮಬ್ಬು ಎನ್ನುತ್ತಿದ್ದರು. ಯಾವ ಡಾಕ್ಟರೂ ಅವಳನ್ನು ನೋಡಲಿಲ್ಲ, ಯಾವ ಕಾಗದದಲ್ಲೂ ಅವಳ ಬಗ್ಗೆ ಒಂದಕ್ಷರ ಬರೆದಿಲ್ಲ, ಹಾಗಾಗಿ ಲೆಕ್ಕ ಇಡುವವರ ಪಾಲಿಗೆ ಅವಳು ಇರಲೇ ಇಲ್ಲ. ಈಗ ಹೆಚ್ಚಾಗಿದೆ, ಹೆಚ್ಚಾಗಿದೆ ಎಂದು ಬೊಬ್ಬೆ ಹಾಕುವ ಮಂದಿಯ ಮನೆಗಳಲ್ಲೂ ಇಂಥ ಅತ್ತೆಯೋ ಕಾಕಾನೋ ಇದ್ದೇ ಇದ್ದರು. ಬಂದವರ ಕಣ್ಣಿಗೆ ಬೀಳದ ಹಾಗೆ ಒಳಕೋಣೆಯಲ್ಲಿ ಕೂಡಿಸುತ್ತಿದ್ದರು, ಅಷ್ಟೇ.

ಆ ಸೋದರತ್ತೆಯ ಜೊತೆ ಬಾಳುವುದು ಹೇಗೆಂದು ಗೊತ್ತಿದ್ದದ್ದು ನನ್ನ ಅವ್ವನೊಬ್ಬಳಿಗೇ. ಇಪ್ಪತ್ತೆರಡು ವರ್ಷ ಅವಳಿಗೆ ಉಣಬಡಿಸಿದವಳು ಅವ್ವ. ದಿನಾ ಅದೇ ಹೊತ್ತಿಗೆ, ಅದೇ ಮಾತನ್ನು, ಅದೇ ರಾಗದಲ್ಲಿ ಹೇಳುತ್ತಿದ್ದಳು. "ರೊಟ್ಟಿ ಆದ್ವು ಅಕ್ಕಾರ, ಏಳ್ರಿ." ಕುಕ್ಕರು ಇಡುವ ಮೊದಲು ನಡುಮನೆಗೆ ಹೋಗಿ, "ಈಗ ಸೀಟಿ ಹೊಡೀತೈತ್ರಿ ಅಕ್ಕಾರ, ಅಂಜಬ್ಯಾಡ್ರಿ" ಎಂದು ತಿಳಿಸಿ ಬರುತ್ತಿದ್ದಳು. ಯಾರೂ ಅವಳಿಗೆ ಇದನ್ನು ಕಲಿಸಿರಲಿಲ್ಲ. ನಾವು ಮಕ್ಕಳು ಅದನ್ನೊಂದು ತಮಾಷೆ ಮಾಡಿಕೊಂಡು ನಗುತ್ತಿದ್ದೆವು.

ನನ್ನ ಮಗಳು ಹುಟ್ಟಿ ಆರು ತಿಂಗಳಿಗೆ ನಾನು ಅಂಧೇರಿಯ ವಿಮಾ ಆಫೀಸಿಗೆ ಮರಳಬೇಕಾಯಿತು. ಆಗ ಅವ್ವ ಧಾರವಾಡದಿಂದ ಬಂದು ನಮ್ಮ ಮನೆಯಲ್ಲೇ ನಿಂತಳು. ಅವಳಿಗೆ ಬರುವುದು ಕನ್ನಡ, ಮತ್ತೆ ಕಾಯಿಪಲ್ಯ ಮಾರುವ ಬಾಜಿಯವಳ ಹತ್ತಿರ ಚೌಕಾಶಿ ಮಾಡುವಷ್ಟು ಮರಾಠಿ. ಬೆಳಗ್ಗೆ ಅವ್ವ ಅಡುಗೆಮನೆಯ ನೆಲದಲ್ಲಿ ಕೂತು ರೊಟ್ಟಿ ಬಡಿಯುವಾಗ ಕೂಸನ್ನು ಎದುರಿಗೆ ಕೂಡಿಸಿಕೊಳ್ಳುತ್ತಿದ್ದಳು. ಅವ್ವ ಪಟಪಟ ಬಡಿದರೆ ಕೂಸೂ ನೆಲಕ್ಕೆ ಪಟಪಟ ಬಡಿಯುತ್ತಿತ್ತು. ನಾನು ಸಂಜೆ ಲೋಕಲ್ ರೈಲಿನಲ್ಲಿ ಜಜ್ಜಿಸಿಕೊಂಡು ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅವ್ವ ಬಾಗಿಲಿಗೇ ಬಂದು, "ಇವತ್ತ ಒಂದ್ ಹೊಸಾ ಮಾತ ಬಂತು ನೋಡ ತಂಗಿ, ಉಪ್ಪು ಅಂದ್ಳು" ಎನ್ನುತ್ತಿದ್ದಳು. ಇನ್ನೊಂದು ದಿನ "ಬಿಸಿ ಅಂದ್ಳು" ಎನ್ನುತ್ತಿದ್ದಳು. ನಾನು ಹೂಂ ಅಂದು ಒಳಗೆ ಹೋಗುತ್ತಿದ್ದೆ.

ಕೂಸಿಗೆ ಒಂದೂವರೆ ವರ್ಷವಾದಾಗ ಒಂದು ಭಾನುವಾರ ಅವ್ವ ನನ್ನ ಪಕ್ಕ ಕೂತು ಮೆಲ್ಲಗೆ ಹೇಳಿದಳು. "ತಂಗಿ, ಸಿಟ್ಟಿಗೇಳಬ್ಯಾಡ. ಇಕಿ ನಿಮ್ಮ ಸ್ವಾದರತ್ತಿ ಹಂಗ ಅದಾಳ."

ನಾನು ಸಿಟ್ಟಿಗೆದ್ದೆ. "ನನ್ನ ಮಗಳಿಗೆ ಮಬ್ಬು ಅಂತೀ ಏನು? ನಾಚಿಕಿ ಬರೂದಿಲ್ಲೇನ ನಿನಗ?"

"ಮಬ್ಬು ಅಂತ ನಾ ಎಂದೂ ಅಂದಿಲ್ಲ. ಮಂದಿ ಅಂದ್ರು," ಎಂದಳು ಅವ್ವ. "ಹಂಗ ಇದ್ರ ಏನಾತು? ಅದಕ್ಕ ತಕ್ಕಂಗ ನಾವು ನಡಕೊಂಡ್ರ ಆತು."

ಒಂದು ವಾರ ಅವ್ವನ ಜೊತೆ ಮಾತು ಬಿಟ್ಟೆ. ಅವಳು ಒಂದೂವರೆ ವರ್ಷದ ಕೂಸಿನಲ್ಲಿ ಕಂಡದ್ದನ್ನು ಕಾಗದದ ಮೇಲೆ ಕಾಣಲು ನಮಗೆ ಇನ್ನೊಂದು ವರ್ಷ ಬೇಕಾಯಿತು.

ಆ ಕಾಗದ ಕೊಟ್ಟದ್ದು ಅಂಧೇರಿಯ ಒಂದು ಥೆರಪಿ ಸೆಂಟರು. ಚೆಂಬೂರಿನಿಂದ ಹಾರ್ಬರ್ ಲೋಕಲ್ ಹಿಡಿದು, ವಡಾಲಾದಲ್ಲಿ ಬದಲಿಸಿ, ಕಂಕುಳಲ್ಲಿ ಕೂಸನ್ನು ಇಟ್ಟುಕೊಂಡು ನಾನೂ ಗಂಡನೂ ಹೋದೆವು. ಗಾಜಿನ ಬಾಗಿಲು, ಗೋಡೆ ತುಂಬ ಆನೆ-ಜಿರಾಫೆಯ ಚಿತ್ರ. ಕೂಡಲು ಕುರ್ಚಿಯಿಲ್ಲದೆ ತಾಯಿ-ತಂದೆಯರು ಗೋಡೆಗೆ ಆತು ನಿಂತಿದ್ದರು. ಅಲ್ಲಿನ ಮುಖ್ಯಸ್ಥೆ ಇಸ್ತ್ರಿ ಮಾಡಿದ ಕುರ್ತಾದ ಒಬ್ಬ ಮೇಡಂ. "ಕೇಸಸ್ ಬಹೋತ್ ಬಢ್ ರಹೇ ಹೈಂ" ಎಂದಳು, ಇಂಥ ಮಕ್ಕಳು ತುಂಬ ಹೆಚ್ಚುತ್ತಿದ್ದಾರೆ ಎಂದು, ಮಿಠಾಯಿ ಅಂಗಡಿಯವನು ದೀಪಾವಳಿಯ ಗಿರಾಕಿಗಳ ಬಗ್ಗೆ ಹೇಳುವ ಹಾಗೆ. ನಮಗೆ ಕೊಟ್ಟದ್ದು ಹನ್ನೆರಡು ನಿಮಿಷ. ಎದುರಿಗೆ ಗಡಿಯಾರವಿತ್ತು, ನೋಡಿಕೊಂಡೇ ಇದ್ದೆ.

ಮೇಡಂ ಫಾರ್ಮು ತೆಗೆದು, ಮಗು ಮಾತಾಡುತ್ತದಾ, ಎಷ್ಟು ಪದ ಬರುತ್ತವೆ ಎಂದು ಕೇಳಿದಳು. "ಬಚ್ಚಿ ಬೋಲ್ತೀ ಹೈ? ಕಿತ್ನೇ ವರ್ಡ್ಸ್?"

ನಾನು ಹೇಳಿದೆ. "ಏಕ್ ಭೀ ನಹೀಂ."

ಅವಳು ಸೊನ್ನೆ ಬರೆದಳು. ಪಕ್ಕದಲ್ಲಿದ್ದ ಗಂಡನೂ ತಲೆಯಾಡಿಸಿದ.

ನಾನು ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ, ಅದೇ ಇದರಲ್ಲಿ ಹೊಟ್ಟೆ ಉರಿಸುವ ವಿಷಯ. ಮಾತು ಎಂದರೆ ಅವರು ಕೇಳುತ್ತಿರುವುದು ಇಂಗ್ಲಿಷು, ಹೋಗಲಿ ಹಿಂದಿ ಎಂದೇ ನಾನು ತಿಳಿದಿದ್ದೆ. ಈ ಊರಿನಲ್ಲಿ ನಮ್ಮ ಕನ್ನಡ ಮನೆಯಲ್ಲಿ ಉಡುವ ಹಳೇ ಸೀರೆ. ಬಾಗಿಲು ತಟ್ಟಿದರೆ ಬದಲಿಸಿಕೊಳ್ಳುತ್ತೇವೆ. ನನ್ನ ಗಂಡ ಹುಟ್ಟಿ ಬೆಳೆದದ್ದು ಇಲ್ಲಿಯೇ; ಕನ್ನಡ ತಿಳಿಯುತ್ತದೆ, ಆಡುವಾಗ ತಡವರಿಸುತ್ತಾನೆ, ರೈಲಿನಲ್ಲಿ ಅವನ ಅಪ್ಪನ ಫೋನು ಬಂದರೆ ದನಿ ತಗ್ಗಿಸುತ್ತಾನೆ. ನಾನೂ ಹಾಗೆಯೇ ಆಗಿದ್ದೆ. ಅಡುಗೆಮನೆಯ ನೆಲದಲ್ಲಿ ಕೂತು ಅಜ್ಜಿಯ ಜೊತೆ ಆಡಿದ ಮಾತು ಅಂಧೇರಿಯ ಫಾರ್ಮಿಗೆ ಮಾತೆಂದು ನಡೆದೀತು ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಮನೆಯಲ್ಲಿ ಯಾವ ಯಾವ ಭಾಷೆ ಎಂದಳು. ಇದಕ್ಕೆ ಮಾತ್ರ ಜಂಬದಿಂದ ಉತ್ತರ ಕೊಟ್ಟೆ: ನಾವಿಬ್ಬರೂ ಹಿಂದಿ, ಇಂಗ್ಲಿಷು, ಕೆಲಸದವಳ ಜೊತೆ ಮರಾಠಿ, ಅಜ್ಜಿ ಕನ್ನಡ. ಮೇಡಂ ಪೆನ್ನು ಕೆಳಗಿಟ್ಟಳು. "ಇಸೀಲಿಯೇ ತೋ!" ಎಂದಳು, ಅದಕ್ಕೇ ಹೀಗಾದದ್ದು ಎಂದು, ಕಳ್ಳ ಸಿಕ್ಕಿಬಿದ್ದ ಹಾಗೆ. ಇಷ್ಟು ಭಾಷೆ ಕಿವಿಗೆ ಬಿದ್ದರೆ ಮಗು ಗೊಂದಲಕ್ಕೆ ಬೀಳದೆ ಇನ್ನೇನು, ಇನ್ನು ಮುಂದೆ ಮನೆಯಲ್ಲಿ ಒಂದೇ ಭಾಷೆ, ಅದು ಇಂಗ್ಲಿಷು, ಶಾಲೆಯೂ ಥೆರಪಿಯೂ ಇಂಗ್ಲಿಷಿನಲ್ಲೇ ತಾನೇ, ಎಂದಳು. ಅಜ್ಜಿಗೆ ಇಂಗ್ಲಿಷು ಬಾರದು ಎಂದೆ. "ತೋ ಉನ್‌ಕೋ ಬೋಲಿಯೇ, ಬಚ್ಚಿ ಕೇ ಸಾಮನೇ ಚುಪ್ ರಹೇಂ." ಮಗುವಿನ ಮುಂದೆ ಬಾಯಿ ಮುಚ್ಚಿಕೊಂಡಿರಲು ಹೇಳಿ ಎಂದು. ಅದೇ ಉಪದೇಶ ಅಚ್ಚು ಹಾಕಿಸಿದ ಒಂದು ಹಾಳೆಯಲ್ಲಿಯೂ ಇತ್ತು. ನಮ್ಮ ಹಿಂದೆ ನಿಂತಿದ್ದ ಗುಜರಾತಿ ಗಂಡ-ಹೆಂಡಿರಿಗೂ ಅದೇ ಹಾಳೆ ಕೊಟ್ಟದ್ದನ್ನು ನೋಡಿದೆ. ನೋಡಿಯೂ ನನಗೆ ಏನೂ ಅನಿಸಲಿಲ್ಲ.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಇಂಥ ಮಗುವಿನ ಜೊತೆ ಹೇಗೆ ಮಾತಾಡಬೇಕೆಂದು ಇಪ್ಪತ್ತೆರಡು ವರ್ಷ ಪಾಠ ಕಲಿತವಳು ಮನೆಯಲ್ಲೇ ಇದ್ದಳು. ಅವಳ ಬಾಯಿ ಮುಚ್ಚಿಸಲು ಹೇಳಿದವಳಿಗೆ ನಾವು ಎರಡೂ ಕೈ ಮುಗಿದು ಬಂದೆವು.

ಅವತ್ತು ಅವ್ವ ರೊಟ್ಟಿಯ ಹಂಚು ಒರೆಸುತ್ತಿದ್ದಳು. ನಾನು ಎಲ್ಲ ಹೇಳಿದೆ. ಅವಳು ಹಂಚು ಕೆಳಗಿಟ್ಟು ಕೇಳಿದ್ದು ಒಂದೇ. "ನಾ ಮಾತಾಡಿದ್ರ ಕೂಸಿಗೆ ಕೆಡಕ ಆಗತೈತೇನು?"

"ಹಂಗಂತ ಅವರು ಹೇಳ್ಯಾರವ್ವ."

"ಹಂಗಾದ್ರ ಸುಮ್ನಿರ್ತೇನಿ, ತಗೋ."

ಜಗಳವಾಡಬೇಕಿತ್ತು. ನಾಲ್ಕು ಬೈಯಬೇಕಿತ್ತು. ಆಡಲಿಲ್ಲ, ಬೈಯಲಿಲ್ಲ. ಕೂಸಿಗೆ ಕೆಡುಕು ಎಂಬ ಒಂದು ಮಾತು ಸಾಕಾಯಿತು ಅವಳಿಗೆ.

ಮೊದಮೊದಲು ಮರೆತು ಬಾಯಿ ಬಿಡುತ್ತಿದ್ದಳು. "ಬಾ ನನ್ನ ಗುಬ್ಬಿ" ಎನ್ನುವಷ್ಟರಲ್ಲಿ ನಾನು ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಲ್ಲಿಂದಲೇ ತುಟಿಗೆ ಬೆರಳಿಟ್ಟು "ಶ್!" ಎನ್ನುತ್ತಿದ್ದೆ. ಅವ್ವ ನಾಲಿಗೆ ಕಚ್ಚಿಕೊಂಡು ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ದಿನಕ್ಕೆ ಹತ್ತು ಸಲ, ಇಪ್ಪತ್ತು ಸಲ. ಗಂಡನೂ ಕಲಿತ, ಅವನು ನಗುತ್ತ ಬೆರಳಿಡುತ್ತಿದ್ದ. ಎರಡು ತಿಂಗಳಲ್ಲಿ ಬೆರಳಿನ ಅಗತ್ಯವೇ ಬೀಳದಂತಾಯಿತು. ಕೂಸು ಎಚ್ಚರವಿದ್ದಷ್ಟು ಹೊತ್ತು ಅವ್ವ ತುಟಿ ಬಿಚ್ಚುತ್ತಿರಲಿಲ್ಲ. ಊರಿನಿಂದ ನನ್ನ ಅಣ್ಣನ ಫೋನು ಬಂದರೆ ಬಾಲ್ಕನಿಗೆ ಹೋಗಿ, ಬಾಗಿಲು ಎಳೆದುಕೊಂಡು, ಪಕ್ಕದ ಮನೆಯ ಒಗೆದ ಬಟ್ಟೆಗಳಿಗೆ ಮುಖ ಮಾಡಿ ಮಾತಾಡುತ್ತಿದ್ದಳು.

ನಾವು ಇಂಗ್ಲಿಷು ಶುರು ಮಾಡಿದೆವು. ನನ್ನದು ವಿಮಾ ಆಫೀಸಿನ ಇಂಗ್ಲಿಷು. ಪಾಲಿಸಿ ರದ್ದಾಗಿದೆ ಎಂದು ಕಾಗದ ಬರೆಯಲು ಬರುತ್ತದೆ, ಕೂಸನ್ನು ಎತ್ತಿ ಮುದ್ದಾಡಲು ಬರುವುದಿಲ್ಲ. ಕಮ್, ಸಿಟ್, ಈಟ್, ಗುಡ್ ಗರ್ಲ್; ನಾಯಿಮರಿ ಸಾಕಿದವರು ಆಡುವಷ್ಟು ಮಾತು. ಮಗಳು ತಿರುಗಿಯೂ ನೋಡುತ್ತಿರಲಿಲ್ಲ. ಅಡುಗೆಮನೆಯಲ್ಲಿ ರೊಟ್ಟಿಯ ಸದ್ದು ಇತ್ತು, ಅವ್ವನ ದನಿ ಇರಲಿಲ್ಲ. ಕೆಲವು ವಾರ ಮಗಳು ಅಲ್ಲಿ ಹೋಗಿ ಕೂತಳು, ಆಮೇಲೆ ಬಿಟ್ಟಳು. ಅವಳ ಮಾತುಗಳು ಒಂದೊಂದಾಗಿ ಹೋದವು. ಯಾವುದು ಯಾವತ್ತು ಹೋಯಿತೆಂದು ನನಗೆ ಗೊತ್ತಿಲ್ಲ, ಬಂದ ದಿನ ಹೇಳುತ್ತಿದ್ದವಳು ಹೋದ ದಿನ ಹೇಳಲಿಲ್ಲ. ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಆಡದಿದ್ದರೂ ಹೋಗುತ್ತದೆ ಎಂದು ಯಾರಾದರೂ ಹೇಳಬೇಕಿತ್ತು. ಪ್ರಗತಿ ಇಲ್ಲವಲ್ಲ ಎಂದು ಸೆಂಟರಿನಲ್ಲಿ ಕೇಳಿದರೆ, ವಾರಕ್ಕೆ ಎರಡು ಸಲದ ಬದಲು ನಾಲ್ಕು ಸಲ ಕರೆತನ್ನಿ ಎಂದರು.

ಹೋದ ತಿಂಗಳು ಮಗಳ ಅಂಗವೈಕಲ್ಯದ ಸರ್ಟಿಫಿಕೇಟಿನ ಕೆಲಸಕ್ಕೆಂದು ಒಂದು ದೊಡ್ಡ ಆಸ್ಪತ್ರೆಗೆ ಹೋಗಿದ್ದೆ. ಮಾತಿನ ವಿಭಾಗದಲ್ಲಿ ಮೂವತ್ತು ದಾಟದ ಒಬ್ಬ ಥೆರಪಿಸ್ಟ್ ಹುಡುಗಿ ಕೂತಿದ್ದಳು. ಮಗಳು ನೆಲಕ್ಕೆ ಕೂತುಬಿಟ್ಟಾಗ ನನ್ನ ಬಾಯಿಂದ "ಏಳ ನಮ್ಮವ್ವ" ಎಂದು ಜಾರಿತು. ಹುಡುಗಿ ತಲೆಯೆತ್ತಿದಳು.

"ನೀವು ಕನ್ನಡದವರಾ? ನಮ್ಮದು ಮಂಗಳೂರು. ಮನೆಯಲ್ಲಿ ಇವಳ ಹತ್ರ ಯಾವ ಭಾಷೆ ಮಾತಾಡುದು?"

"ಇಂಗ್ಲಿಷು."

"ನಿಮಗೆ ಇಂಗ್ಲಿಷಲ್ಲಿ ಮಗುವನ್ನು ಮುದ್ದು ಮಾಡ್ಲಿಕ್ಕೆ ಬರ್ತದಾ?"

ನಾನು ಬಗ್ಗಿ ಮಗಳನ್ನು ನೆಲದಿಂದ ಎಬ್ಬಿಸಿದೆ. ಮನೆಯಲ್ಲಿ ಮತ್ತೆ ಯಾರಿದ್ದಾರೆ ಎಂದಳು. ಅಜ್ಜಿ ಇದ್ದಾರೆ, ಅವರು ಇವಳ ಜೊತೆ ಮಾತಾಡುವುದಿಲ್ಲ ಎಂದೆ. "ಯಾಕೆ, ಅವರಿಗೆ ಮಾತು ಬರುದಿಲ್ವಾ?" ಎಂದಳು. ಆಗ ಎಲ್ಲ ಹೇಳಿದೆ. ಅವಳು ಫೈಲು ಮುಚ್ಚಿದಳು.

"ಯಾರು ಹೇಳಿದ್ದು ನಿಮಗೆ ಹಾಗೆ? ಎರಡು ಭಾಷೆ ಕೇಳಿದ್ರೆ ಆಟಿಸಂ ಬರುದೂ ಇಲ್ಲ, ಹೆಚ್ಚಾಗುದೂ ಇಲ್ಲ. ಮನೆಯವರಿಗೆ ಯಾವುದು ಬಾಯ್ತುಂಬ ಬರ್ತದೋ ಅದ್ರಲ್ಲೇ ಮಾತಾಡ್ಬೇಕು. ಅಜ್ಜಿಯ ಮಾತು ಯಾಕೆ ನಿಲ್ಲಿಸಿದ್ರಿ ನೀವು?"

ಆಮೇಲೆ ಫೈಲಿನಿಂದ ಸೆಂಟರಿನ ಹಳೆಯ ಫಾರ್ಮು ತೆಗೆದು, ಸೊನ್ನೆಯ ಮೇಲೆ ಬೆರಳಿಟ್ಟಳು. "ಇದು ನಿಜವಾ?"

ನಾನು ಬೆರಳು ಮಡಚುತ್ತ ಹೇಳಿದೆ. ಅವ್ವ ಬಾಗಿಲಿಗೆ ಬಂದು ಹೇಳುತ್ತಿದ್ದದ್ದನ್ನು ಹೂಂ ಅಂದು ಬಿಟ್ಟಿದ್ದೆ, ಆದರೂ ಒಂದೂ ಮರೆತಿರಲಿಲ್ಲ. ಅಜ್ಜಿ. ರೊಟ್ಟಿ. ಉಪ್ಪು. ನೀರು. ಬಿಸಿ. ಗುಬ್ಬಿ. ಕಾಗಿ. ಚಂದಪ್ಪ. ಬಾ. ಸಾಕು. ಬ್ಯಾಡ. ಹನ್ನೊಂದಾದವು.

"ಈಗ ಎಷ್ಟುಂಟು?"

"ಈಗ ಒಂದೂ ಇಲ್ರಿ," ಎಂದೆ. ಮೂರು ವರ್ಷದ ಹಿಂದೆ ನಾನು ಬರೆಸಿದ ಸುಳ್ಳು ಈಗ ನಿಜವಾಗಿತ್ತು. ಅವಳು ಅದನ್ನೇ ಹೊಸ ಫಾರ್ಮಿನಲ್ಲಿ ಬರೆದಳು.

ಮನೆಗೆ ಬರುವಾಗ ಆಟೋದಲ್ಲಿ ನಾನು ಯಾರನ್ನೂ ಬಿಡಲಿಲ್ಲ. ಇಸ್ತ್ರಿ ಕುರ್ತಾದ ಮೇಡಂಗೆ ಹಿಡಿಶಾಪ ಹಾಕಿದೆ. ನಗುತ್ತ ಬೆರಳಿಟ್ಟ ಗಂಡನಿಗೆ ಹಾಕಿದೆ. ಎಳ್ಳು ಕೊಟ್ಟು ಮನಸ್ಸು ಕೆಡಿಸಿದವಳಿಗೂ ಹಾಕಿದೆ. ಕುರ್ಲಾದ ಟ್ರಾಫಿಕ್ಕಿನಲ್ಲಿ ಆಟೋ ನಿಂತಾಗ ಬಯ್ಯಲು ನಾನೊಬ್ಬಳೇ ಉಳಿದಿದ್ದೆ. ಆ ಹನ್ನೊಂದು ಮಾತಿನಲ್ಲಿ ಅವ್ವ ಎಂಬುದಿರಲಿಲ್ಲ. ಮಮ್ಮಿ ಎಂಬುದೂ ಇರಲಿಲ್ಲ. ಕಾಗೆಗೆ ಒಂದು ಮಾತಿತ್ತು, ಉಪ್ಪಿಗೆ ಒಂದಿತ್ತು, ಹೆತ್ತವಳಿಗೆ ಇರಲಿಲ್ಲ. ಬಚ್ಚಿ ಬೋಲ್ತೀ ಹೈ ಎಂದು ಕೇಳಿದಾಗ ನಾನು ಅಷ್ಟು ಬೇಗ ಇಲ್ಲ ಎಂದದ್ದು ಕನ್ನಡ ನಡೆಯುವುದಿಲ್ಲ ಎಂದಷ್ಟೇ ಅಲ್ಲ. ನನ್ನನ್ನು ಕರೆಯದ ಮಾತನ್ನು ಮಾತೆಂದು ಒಪ್ಪಲು ನನಗೇ ಮನಸ್ಸಿರಲಿಲ್ಲ. ಅಜ್ಜಿಯ ಬಾಯಿ ಮುಚ್ಚಿಸು ಎಂದಾಗ ನನ್ನೊಳಗೆ ಎಲ್ಲೋ ಸ್ವಲ್ಪ ಸಮಾಧಾನವೂ ಆಗಿತ್ತು. ಇದನ್ನು ಗಂಡನಿಗೂ ಹೇಳಿಲ್ಲ.

ಮನೆಯಲ್ಲಿ ಅವ್ವ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ನಾನು ಹೊಸ್ತಿಲಲ್ಲೇ ನಿಂತು, ಹೊರಕೋಣೆಯಲ್ಲಿದ್ದ ಮಗಳಿಗೆ ಕೇಳುವ ಹಾಗೆಯೇ ಹೇಳಿದೆ. "ಅವ್ವ, ಮಾತಾಡು. ಮಾತಾಡಿದ್ರ ಏನೂ ಆಗೂದಿಲ್ಲಂತ. ಮೊದ್ಲ ಹೇಳಿದ್ದು ತಪ್ಪಂತ."

ಅವ್ವ ಹಿಟ್ಟಿನಿಂದ ಕೈ ತೆಗೆಯಲಿಲ್ಲ. ಮಗಳ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದಳು. "ಅಂದ್ರ ಮೂರ ವರ್ಷ ನಾ ಸುಮ್ಮಸುಮ್ಮನ ಬಾಯಿ ಕಟ್ಟಿಕೊಂಡು ಕೂತ್ನಿ?"

"ತಪ್ಪಾತವ್ವ."

"ಇಕಿ ನಿಮ್ಮ ಸ್ವಾದರತ್ತಿ ಹಂಗ ಅದಾಳಂತ ನಾ ಹೇಳಿದ್ನಿ. ಹೆಂಗ ಮಾತಾಡಬೇಕಂತ ನನಗ ಗೊತ್ತಿತ್ತು. ಯಾರರ ಕೇಳಿದ್ರೇನು? ಇಂಗ್ಲಿಷ್ನ್ಯಾಗ ಹೇಳಿದ್ದಕ್ಕ ಅಕಿ ಮಾತು ಖರೇ ಆತು, ನಂದು ಸುಳ್ಳ ಆತು." ಅವಳು ಸಿಟ್ಟಾದದ್ದನ್ನು ನಾನು ಆ ಮೂರು ವರ್ಷದಲ್ಲಿ ನೋಡಿದ್ದು ಅವತ್ತೇ. ಬೈಯಲಿ, ಇನ್ನೂ ಬೈಯಲಿ ಎಂದು ತಲೆ ತಗ್ಗಿಸಿ ನಿಂತೆ.

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಒಂದು ಉಂಡೆ ಹಿಟ್ಟು ಮುರಿದು, ಮಣೆಯ ಮೇಲಿಟ್ಟು, ಹೊರಕೋಣೆಯ ಕಡೆಗೆ ಕೂಗಿದಳು. "ಬಾ ನನ್ನ ಗುಬ್ಬಿ. ರೊಟ್ಟಿ ಬಡಿಯೂಣು ಬಾ." ದನಿ ಒಡೆದಿತ್ತು, ರಾಗ ಮಾತ್ರ ಅದೇ ಇತ್ತು.

ಮಗಳು ಓಡಿಬಂದಳು. ಹೆಚ್ಚುಕಡಿಮೆ ಮೂರು ವರ್ಷದಿಂದ ಅಡುಗೆಮನೆಯ ಹೊಸ್ತಿಲು ದಾಟದವಳು ಬರಿಗಾಲಲ್ಲಿ ಓಡಿಬಂದು ಅವ್ವನ ಎದುರು ನಿಂತಳು. ಇಂಥ ಮಕ್ಕಳು ಮುಖ ನೋಡುವುದಿಲ್ಲ ಎನ್ನುತ್ತಾರಲ್ಲ, ಅವಳು ಅವ್ವನ ಮುಖವನ್ನು ನೆಟ್ಟಗೆ ನೋಡಿದಳು.

ಅವಳು ತನ್ನ ತುಟಿಗೆ ಬೆರಳಿಟ್ಟು "ಶ್!" ಎಂದಳು.

ಆಮೇಲೆ ಆ ಪುಟ್ಟ ಅಂಗೈಯನ್ನು ಅವ್ವನ ಬಾಯಿಯ ಮೇಲೆ ಇಟ್ಟಳು. ಒತ್ತಿ ಅಲ್ಲ, ಮೆತ್ತಗೆ, ಮರೆತವರಿಗೆ ನೆನಪು ಮಾಡಿಕೊಡುವ ಹಾಗೆ. ಅವ್ವ ಆ ಕೈಯನ್ನು ತೆಗೆಯಲಿಲ್ಲ. ಅದರ ಮೇಲಿನಿಂದ ನನ್ನನ್ನು ನೋಡಿದಳು.

ಅದು ನನ್ನದೇ "ಶ್". ಅದೇ ಗಡಸು, ಕೊನೆಯಲ್ಲಿ ಅದೇ ಚೂರು ಎಳೆತ. ನನ್ನ ಮಗಳು ನನ್ನಿಂದ ಕಲಿತ ಮೊದಲ ಮಾತು.